ಆವೇಶದಲ್ಲಿ ಹತ್ತದ ಕತ್ತಿ

ಗಂಡ ತೀರಿಕೊಂಡ ಮೇಲೆ ನಾನು ಗೌರಿಬಿದನೂರಿನ ಬಾಡಿಗೆ ಮನೆ ಬಿಟ್ಟು ಶಿಡ್ಲಘಟ್ಟದ ತವರಿಗೆ ಬಂದೆ. ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಅವರ ಬೈಕಿಗೆ ಗುದ್ದಿತ್ತು. ಎರಡು ಸಾವಿರದ ಐದೋ ಆರೋ ಇರಬೇಕು. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆಯೇ.

ನಾನು ಅಳಲಿಲ್ಲ. ನೋಡಿದವರು ಧೈರ್ಯ ಅಂದರು. ಅಳು ಬರಲಿಲ್ಲ, ಅಷ್ಟೇ. “ಅತ್ತುಬಿಡೇ, ಹಗುರ ಆಗ್ತೀಯ” ಎಂದು ಅಮ್ಮ ಹೇಳುತ್ತಿದ್ದಳು. ಹಗುರಾಗುವುದಕ್ಕೆ ಮೊದಲು ಭಾರ ಇರಬೇಕಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ಕೆನ್ನೆ ಬೇರೆ ಯಾರದೋ ಅನ್ನಿಸುತ್ತದೆ. ನನಗೆ ಮೈಯೆಲ್ಲ ಹಾಗಾಗಿತ್ತು. ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು, ಅದು ತುಂಬಿ ಚೆಲ್ಲಿ ಅಂಗಳದ ತುಂಬ ಹರಿಯುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಅಮ್ಮ ಬಂದು ನಲ್ಲಿ ತಿರುಗಿಸುತ್ತಿದ್ದಳು. ಬೈಯುತ್ತಿರಲಿಲ್ಲ.

ಮಹಡಿಯ ಮೇಲೆ ಒಂದು ಕೋಣೆಯಿತ್ತು. ಹಿಂದೆ ನಮ್ಮ ಮನೆಯಲ್ಲೂ ರೇಷ್ಮೆ ಹುಳು ಮೇಯಿಸುತ್ತಿದ್ದಾಗ ಗೂಡು ಕಟ್ಟಿಸಲು ಬಳಸಿದ ಬಿದಿರಿನ ಚಂದ್ರಿಕೆಗಳನ್ನು ಅಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ನನ್ನ ತಮ್ಮ ಅಲ್ಲಿ ಸ್ನೇಹಿತರನ್ನು ಕೂಡಿಸಿಕೊಂಡು ಒಂದು ಆಟ ಆಡುತ್ತಿದ್ದ. ಅವನು ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಒಂದು ಭಾನುವಾರ ನನ್ನನ್ನು ಕರೆದ.

“ಒಬ್ರು ಕಮ್ಮಿ ಆಗಿದಾರೆ, ಬಾರಕ್ಕ. ಸುಮ್ನೆ ಕೂತ್ಕೊಂಡು ನಂಬರ್ ತೆಗೆದ್ರೆ ಸಾಕು.”

ನಲ್ಲಿಯ ಹತ್ತಿರ ನಿಲ್ಲುವುದೂ ಒಂದೇ, ಮೇಲೆ ಕೂರುವುದೂ ಒಂದೇ ಎಂದು ಹೋದೆ.

ಅಲ್ಲಿ ತಮ್ಮನಲ್ಲದೆ ಇನ್ನಿಬ್ಬರಿದ್ದರು. ಒಬ್ಬರು ನಮ್ಮ ಮನೆಯ ಕೆಳಗಿನ ಒಂದು ಭಾಗದಲ್ಲಿ ಬಾಡಿಗೆಗಿದ್ದ ಹೈಸ್ಕೂಲಿನ ಗಣಿತದ ಮೇಷ್ಟ್ರು. ನಲವತ್ತು ದಾಟಿದ್ದರೂ ಆಟಕ್ಕೆ ತಪ್ಪದೆ ಹತ್ತಿ ಬರುತ್ತಿದ್ದರು. ಇನ್ನೊಬ್ಬ ತಮ್ಮನ ಸಹಪಾಠಿ, ಮುರುಗಮಲ್ಲದವನು. ಅವರ ಮನೆಯವರಿಗೆ ದರ್ಗಾದ ಹತ್ತಿರ ಬಳೆಯಂಗಡಿ ಇತ್ತು. ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ. ಆಟ ನಡೆಸುವವನು ಅವನೇ. ಅವನು ಒಂದು ಕಥೆ ಹೇಳುತ್ತಾನೆ: ಕಾಡು, ಗುಹೆ, ಒಳಗೊಬ್ಬ ರಕ್ಕಸ. ಉಳಿದವರು ಒಬ್ಬೊಬ್ಬರೂ ಕಥೆಯೊಳಗಿನ ಒಂದೊಂದು ಪಾತ್ರ. ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ, ನಾವು ಹೇಳುತ್ತೇವೆ. ಏಟು ಬಿತ್ತೋ ತಪ್ಪಿತೋ ಅನ್ನುವುದಕ್ಕೆ ಇಪ್ಪತ್ತು ಮುಖದ ದಾಳ ಬೇಕಂತೆ. ಅದು ಸಿಗದೆ ಇವರು ತಂಬೋಲದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡಿದ್ದರು. ಕೈ ಹಾಕಿ ಒಂದು ತೆಗೆಯಬೇಕು. ಜಾಸ್ತಿ ಬಂದರೆ ಏಟು ತಾಗಿತು.

ನನಗೆ ಸಿಕ್ಕಿದ್ದು ಒಬ್ಬ ಕಾಡುಹೆಣ್ಣು, ಯೋಧೆ. ಅವಳಿಗೆ ಹುಟ್ಟಿನಿಂದ ಬಂದ ಶಕ್ತಿ ಒಂದಿತ್ತು. ಬೇಕೆಂದಾಗ ಆವೇಶ ತಂದುಕೊಳ್ಳಬಹುದು. ಆಗ ತೋಳಿನ ಬಲ ಹೆಚ್ಚುತ್ತದೆ. ಕೈಯಲ್ಲೊಂದು ಮಾಯದ ಕತ್ತಿ. ಹಿಡಿದವರು ಗೊತ್ತಾದ ಮಾತು ಹೇಳಿದರೆ ಅದಕ್ಕೆ ಬೆಂಕಿ ಹತ್ತುತ್ತದೆ. ಆ ಮಾತು ‘ಹತ್ತು’.

“ನಾನು ಲೆಕ್ಕ ಹೇಳ್ವಾಗೆಲ್ಲ ಹತ್ಕೊಂಡ್‌ಬಿಟ್ರೆ?” ಅಂದರು ಮೇಷ್ಟ್ರು.

“ಕತ್ತಿ ಹಿಡಿದೋರು ಹೇಳಿದ್ರೆ ಮಾತ್ರ ಸಾರ್.”

ಎಲ್ಲರೂ ನಕ್ಕರು. ನಗುವ ಹೊತ್ತು ಇದು ಎಂದು ನನಗೂ ಗೊತ್ತಾಯಿತು.

ಅವರ ಹತ್ತಿರ ನಿಯಮಗಳ ಪುಸ್ತಕದ ಜೆರಾಕ್ಸ್ ಇತ್ತು, ಇಂಗ್ಲಿಷಿನಲ್ಲಿ. ನಾನು ಅದನ್ನು ಕೆಳಗೆ ತಂದು ಡಿಕ್ಷನರಿ ಇಟ್ಟುಕೊಂಡು ಓದತೊಡಗಿದೆ. ಆ ದಿನಗಳಲ್ಲಿ ಪೇಪರಿನ ನಾಲ್ಕು ಸಾಲು ಓದಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಇದು ನಿಂತಿತು. ಬಲ ಕೊಡುವ ಕಡಗ ತೊಟ್ಟವಳ ಮೇಲೆ ಮಂತ್ರವಾದಿ ಬಲದ ಮಂತ್ರವನ್ನೂ ಹಾಕಿದರೆ ಎರಡೂ ಕೂಡುವುದಿಲ್ಲ. ಒಂದೇ ಜಾತಿಯ ಸಹಾಯಗಳಲ್ಲಿ ದೊಡ್ಡದೊಂದೇ ಲೆಕ್ಕಕ್ಕೆ. ಆವೇಶದ ಬಲ ಮಾತ್ರ ಬೇರೆ ಜಾತಿಯದು, ಒಳಗಿನದು. ಅದು ಕಡಗದ ಜೊತೆ ಕೂಡುತ್ತದೆ. ಯಾವುದು ಆಯುಧದ್ದು, ಯಾವುದು ಹಿಡಿದವಳದು ಎಂದು ಯಾರೋ ಕೂತು ಬಿಡಿಸಿಟ್ಟಿದ್ದರು. ಓದುತ್ತಿದ್ದರೆ ಹೊತ್ತು ಹೋಗುತ್ತಿತ್ತು. ಆಗ ನನಗೆ ಬೇಕಾಗಿದ್ದುದು ಅಷ್ಟೇ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ಆ ಜಗಳವಾಯಿತು. ಕಥೆಯಲ್ಲಿ ನಾವು ಗುಹೆಯೊಳಗಿದ್ದೆವು. ತಮ್ಮನ ಪಾತ್ರ ಒಬ್ಬ ಕಳ್ಳ. ಬೆಳಕು ಕಂಡರೆ ಸಿಕ್ಕಿಬೀಳುತ್ತೇವೆಂದು ಕತ್ತಿ ಹತ್ತಿಸಬೇಡ ಎಂದು ಅವನೇ ಹೇಳಿದ್ದ. ಕತ್ತಲಲ್ಲಿ ರಕ್ಕಸ ಅವನ ಮೇಲೆ ಬಿದ್ದ. ಕಡಿದರೆ ಆ ರಕ್ಕಸನ ಗಾಯ ಹಾಗೇ ಕೂಡಿಕೊಳ್ಳುತ್ತದೆ. ಸುಟ್ಟ ಗಾಯ ಮಾತ್ರ ಕೂಡುವುದಿಲ್ಲ. ಮೇಷ್ಟ್ರ ಪಾತ್ರ ಮಂತ್ರವಾದಿ, ಅವನ ಬೆಂಕಿಮಂತ್ರ ಆಗಲೇ ಖರ್ಚಾಗಿತ್ತು.

“ಆವೇಶ ತಂದ್ಕೊಂಡೆ. ಈಗ ‘ಹತ್ತು’ ಅಂತೀನಿ” ಅಂದೆ.

ಮುರುಗಮಲ್ಲದವನು ಪುಟ ತಿರುವಿ ತಲೆಯಾಡಿಸಿದ. “ಆಗಲ್ಲಕ್ಕ. ಆವೇಶದಲ್ಲಿ ಕೂಗ್‌ಬೋದು, ಬೈಬೋದು. ಕತ್ತಿಗೆ ಹೇಳೋ ಮಾತು ಹೇಳಕ್ಕಾಗಲ್ಲ. ಮೊದ್ಲೇ ಹತ್ಸಿದ್ರೆ ಉರೀತಿತ್ತು.”

ತಮ್ಮ ರೇಗಿದ. “ಒಂದು ಮಾತು ಕಣೋ. ‘ಹತ್ತು’ ಅನ್ನಕ್ಕೆ ಏನ್ ಡಿಗ್ರಿ ಬೇಕಾ?”

“ಮೈಮೇಲೆ ದೇವ್ರು ಬಂದೋರು ಗಂಟೆಗಟ್ಲೆ ಮಾತಾಡ್ತಾರಲ್ಲಪ್ಪ” ಅಂದರು ಮೇಷ್ಟ್ರು.

“ಅವ್ರು ಮಾತಾಡಲ್ಲ ಸಾರ್, ಮೈಮೇಲೆ ಬಂದಿರೋದು ಮಾತಾಡುತ್ತೆ. ನಮ್ಮೂರಲ್ಲಿ ದಿನಾ ನೋಡ್ತೀನಲ್ಲ. ಎಲ್ಲೆಲ್ಲಿಂದಾನೋ ಅಂಥೋರ್ನ ದರ್ಗಾಕ್ಕೆ ಕರ್ಕೊಂಡ್ ಬರ್ತಾರೆ. ಅವ್ರ ಹೆಸರು ಕೇಳಿದ್ರೂ ಹೇಳಲ್ಲ. ಇಲ್ಲಿ ಕತ್ತಿಗೆ ಅಕ್ಕನೇ ಹೇಳ್ಬೇಕು.”

ತಮ್ಮ, ಮೇಷ್ಟ್ರು ಇಬ್ಬರೂ ನನ್ನ ಪರವಾಗಿ ವಾದಿಸುತ್ತಿದ್ದರು. ನನಗೆ ಆ ನಿಯಮ ಸರಿ ಅನ್ನಿಸಿತು. “ಅವನು ಹೇಳೋದೇ ಸರಿ” ಅಂದೆ. “ಆವೇಶ ನಾನಾಗೇ ಇಳಿಸ್ಕೋಬೋದಾ?”

“ಇಳಿಸ್ಕೋಬೋದು. ಆದ್ರೆ ಕೈಕಾಲು ಸೋತೋಗುತ್ತೆ. ಮುಂಚೆ ಇದ್ದಿದ್ದಕ್ಕಿಂತ ಬಲ ಕಮ್ಮಿ ಆಗುತ್ತೆ.”

ಇಳಿಸಿಕೊಂಡೆ. ‘ಹತ್ತು’ ಅಂದೆ. ಚೀಲಕ್ಕೆ ಕೈ ಹಾಕಿದೆ. ಬಂದ ಬಿಲ್ಲೆ ಸಾಲಲಿಲ್ಲ. ಸೋತ ತೋಳಿನ ಏಟು ತಪ್ಪಿತು. ರಕ್ಕಸನ ಸರದಿಯಲ್ಲಿ ತಮ್ಮನ ಕಳ್ಳ ಸತ್ತ. ಮುಂದಿನ ಸಲ ನನ್ನ ಏಟು ತಾಗಿ ರಕ್ಕಸನೂ ಬಿದ್ದ.

ಪಾತ್ರದ ವಿವರ ಬರೆದಿದ್ದ ಹಾಳೆಯನ್ನು ತಮ್ಮ ಮಡಿಸಿದ. ಕಣ್ಣು ತುಂಬಿತ್ತು. ಆ ಕಳ್ಳನನ್ನು ಅವನು ಎರಡು ವರ್ಷದಿಂದ ಆಡಿಕೊಂಡು ಬಂದಿದ್ದನಂತೆ. ನಾನು ಅವನ ಮುಖವನ್ನೇ ನೋಡಿದೆ. ನನ್ನ ಗಂಡನನ್ನು ಮಣ್ಣು ಮಾಡಿದ ದಿನ ಹೊಲದ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತವನೂ ಇವನೇ. ಅಳುವುದು ಎಷ್ಟು ಸಲೀಸಾಗಿ ಬರುತ್ತದೆ ಇವನಿಗೆ ಎಂದುಕೊಂಡೆ. ಹೊಟ್ಟೆಕಿಚ್ಚೂ ಆಗಲಿಲ್ಲ.

ಅಷ್ಟರಲ್ಲಿ ಅಮ್ಮ ಕೆಳಗಿನಿಂದ ಕರೆದಳು. ತೊಂಡೇಬಾವಿಯಿಂದ ಅತ್ತೆ ಬಂದಿದ್ದರು, ಮೈದುನನ ಜೊತೆ.

ಅವರು ಯಾಕೆ ಬಂದಿದ್ದರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನೌಕರಿಯಲ್ಲಿದ್ದಾಗಲೇ ಸತ್ತವರ ಮನೆಯ ಒಬ್ಬರಿಗೆ ಅನುಕಂಪದ ಮೇಲೆ ಕೆಲಸ ಸಿಗುತ್ತದೆ. ಮೊದಲ ಹಕ್ಕು ಹೆಂಡತಿಯದು.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ ಆಡುವಾಗಲೂ ಅದೇ ರಾಗ.

“ನೀನು ಚಿಕ್ಕೋಳಮ್ಮ. ನಾಳೆ ನಿಂಗೆ ಬೇರೆ ದಾರಿ ಆಗುತ್ತೆ, ಆಗ್ಬೇಕು ಕೂಡ. ಕೆಲಸ ಇವನಿಗೆ ಬಿಟ್ಕೊಡು. ಮನೆ ನಿಲ್ಲುತ್ತೆ.”

ಅಪ್ಪ ನೆಲ ನೋಡುತ್ತಿದ್ದರು. ಮೈದುನ ಬಾಗಿಲಾಚೆಗೆ ಮುಖ ತಿರುಗಿಸಿ ಕೂತಿದ್ದ. ತಮ್ಮ ಮೆಟ್ಟಿಲ ಮೇಲೆ ನಿಂತಿದ್ದ, ಕೆಂಪು ಕಣ್ಣಲ್ಲೇ. ನಾನು ಕೂಗಾಡುತ್ತೇನೆ ಅಥವಾ ಅತ್ತು ಒಪ್ಪಿಕೊಳ್ಳುತ್ತೇನೆ, ಎರಡರಲ್ಲೊಂದು ಆಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದಂತಿತ್ತು.

“ಕೆಲಸಕ್ಕೆ ನಾನೇ ಸೇರ್ತೀನಿ ಅತ್ತೆ” ಅಂದೆ.

ಮೈದುನ ನನ್ನ ಕಡೆ ತಿರುಗಿದ. ನಾನು ಮುಂದುವರಿಸಿದೆ.

“ನಾನು ಡಿಗ್ರಿ ಮಾಡಿದೀನಿ. ಮಾಡ್ಬಲ್ಲೆ. ಗೌರಿಬಿದನೂರಲ್ಲೇ ಇರ್ತೀನಿ. ನಿಮ್ಮನ್ನ ಬಿಟ್ಟು ಹೋಗ್ತೀನಿ ಅಂತ ಅಲ್ಲ.”

ದನಿ ಮಟ್ಟಸವಾಗಿಯೇ ಬಂತು. ಕೋಪ ಬಂದಿದ್ದರೆ ಅಷ್ಟು ಮಾತು ಹೊರಡುತ್ತಿರಲಿಲ್ಲವೇನೋ. ಮುಂದೆ ಎಷ್ಟೋ ಜನ ಆ ದಿನದ ನನ್ನ ಗಟ್ಟಿತನ ಹೊಗಳಿದ್ದಾರೆ. ಗಟ್ಟಿತನ ಏನೂ ಇರಲಿಲ್ಲ. ಕೇಳಿದರು, ಹೇಳಿದೆ.

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. “ನೀ ಮನಸು ರಾಯಿ ಅಮ್ಮ” ಅಂದರು. ನಿನ್ನ ಮನಸ್ಸು ಕಲ್ಲು ಎಂದು. ಬೈಗುಳದ ದನಿ ಇರಲಿಲ್ಲ, ಇರುವುದನ್ನು ಹೇಳಿದ ಹಾಗಿತ್ತು. ಆಮೇಲೆ ಕಾಫಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದರು. ಬಸ್‌ಸ್ಟ್ಯಾಂಡಿನವರೆಗೆ ನಾನೇ ಜೊತೆಗೆ ಹೋದೆ. ದಾರಿಯಲ್ಲಿ ಅತ್ತೆಯ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ಹೊಲಿಸಿಕೊಟ್ಟೆ.

ಓಡಾಟ ಬಹಳವಾಯಿತು, ಆದರೆ ಕೆಲಸ ಸಿಕ್ಕಿತು. ಗೌರಿಬಿದನೂರಿನಲ್ಲಿ ಒಂದು ಕೋಣೆ ಹಿಡಿದೆ. ಮೊದಮೊದಲು ಭಾನುವಾರಗಳಂದು ಊರಿಗೆ ಹೋಗಿ ಆಡುತ್ತಿದ್ದೆ. ತಮ್ಮ ಹೊಸ ಪಾತ್ರ ಮಾಡಿಕೊಂಡಿದ್ದ, ಈ ಸಲ ಒಬ್ಬ ಪೂಜಾರಿ. ಮೇಷ್ಟ್ರಿಗೆ ಚಿಂತಾಮಣಿಗೆ ವರ್ಗವಾದ ಮೇಲೆ ಭಾನುವಾರಗಳು ತಪ್ಪುತ್ತ ಹೋದವು. ಒಂದು ಗುಹೆಯ ನಡುವೆಯೇ ಆಟ ನಿಂತಿತು. ಅಲ್ಲಿಂದ ನಾವು ಹೊರಬಂದೆವೋ ಇಲ್ಲವೋ ಯಾರೂ ತೀರ್ಮಾನಿಸಲಿಲ್ಲ.

ಮೈದುನನಿಗೆ ತೊಂಡೇಬಾವಿಯ ಹತ್ತಿರವೇ ಒಂದು ಕಾರ್ಖಾನೆಯಲ್ಲಿ ಕೆಲಸವಾಯಿತು. ಅತ್ತೆ ಅದಾದ ಚಳಿಗಾಲದಲ್ಲಿ ಮೊದಲ ಸಲ ನನ್ನ ಕೋಣೆಗೆ ಬಂದರು. ತೊಂಡೇಬಾವಿಯಿಂದ ರೈಲು ಹತ್ತಿ, ಮಡಿಲ ತುಂಬ ಅವರೆಕಾಯಿ ಕಟ್ಟಿಕೊಂಡು ಬಂದಿದ್ದರು. ಹೊಲದ್ದು, ಇಬ್ಬನಿ ಬಿದ್ದು ಸೊಗಡು ಕಟ್ಟಿದ್ದು. ಇಬ್ಬರೂ ಮೊರದ ಎದುರು ಕೂತು ಸುಲಿದೆವು, ನೀರಲ್ಲಿ ನೆನೆಹಾಕಿ ಹಿದುಕಿದೆವು. ಬೆರಳುಗಳೆಲ್ಲ ಅಂಟಂಟು.

“ಆಫೀಸಲ್ಲಿ ಜನ ಹೆಂಗೆ?”

“ಪರವಾಗಿಲ್ಲ.”

“ವಾಡಿ ಕುರ್ಚೀನಾ ನಿಂಗೆ ಕೊಟ್ಟಿರೋದು?”

ಅವನ, ಅಂದರೆ ನನ್ನ ಗಂಡನ, ಕುರ್ಚಿಯೇನಾ ಎಂದು ಕೇಳುತ್ತಿದ್ದರು.

“ಇಲ್ಲತ್ತೆ. ಅದು ಬೇರೆ ಸೆಕ್ಷನ್ನು. ನಂದು ಕಿಟಕಿ ಹತ್ರ.”

“ಒಳ್ಳೇದಾಯ್ತು” ಅಂದರು.

ಸಾರು ಮಾಡಿ ಉಂಡೆವು. ಉಪ್ಪು ಕಡಿಮೆಯಾಗಿತ್ತು. ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಹೇಳಲಿಲ್ಲ. ಅತ್ತೆ ಕೈ ತೊಳೆದು ಬಂದು ನನ್ನ ಚಾಪೆಯ ಮೇಲೆಯೇ ಒಂದು ಮಗ್ಗುಲಾದರು. ಸ್ವಲ್ಪ ಹೊತ್ತಿಗೆ ನಾನೂ ಪಕ್ಕದಲ್ಲಿ ಮಲಗಿದೆ. ಸಂಜೆಯ ರೈಲಿಗೆ ಅವರು ಹೊರಡಬೇಕಿತ್ತು. ನಾನು ಎಬ್ಬಿಸಲಿಲ್ಲ.