ಕೈ ನಡುಕದ ಕಾಲಂ

ಜನವರಿ ನಾಲ್ಕರಂದು, ಅಪ್ಪನಿಗೆ ಲಕ್ವಾ ಹೊಡೆದ ಹತ್ತೊಂಬತ್ತನೆಯ ದಿನ, ನಾನು ಹೊಸ ನೋಟ್‌ಬುಕ್ ತೆಗೆದು ಗೆರೆ ಹಾಕಿದೆ. ಅದಕ್ಕೂ ಮೊದಲು ನನ್ನ ಡೈರಿಯಲ್ಲಿ ಇರುತ್ತಿದ್ದದ್ದು ಕಾಲೇಜಿನ ಬಸ್ಸು ಎಷ್ಟು ನಿಮಿಷ ತಡವಾಯಿತು, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಂತು, ಇಂಥವು. ಕೊಪ್ಪಳದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ, "ದಿನಾ ಬರದಿಡು, ಬಂದಾಗ ತೋರಸು" ಎಂದಿದ್ದರು. ಬರೆದಿಡುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಐದು ಕಾಲಂ ಮಾಡಿದೆ. ಊಟ, ಔಷಧ, ನಿದ್ದೆ, ಟ್ಯಾಬ್ ಒತ್ತಿದ್ದು, ಕೈ ನಡುಕ.

ಅಪ್ಪ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವನು. ಛಾವಣಿಯ ಕೆಳಗೆ ಹಳಿಯ ಮೇಲೆ ಓಡುವ ಕ್ರೇನ್; ಮೇಲೆ ಒಂದು ಸಣ್ಣ ಗೂಡು, ಅದರೊಳಗೆ ಅಪ್ಪ. ಈಗ ಬಲಗೈ ಬಲಗಾಲು ಏಳುವುದಿಲ್ಲ, ಮಾತು ಹೊರಡುವುದಿಲ್ಲ, ಅಕ್ಷರ ತೋರಿಸಿದರೆ ಗುರುತು ಹತ್ತುವುದಿಲ್ಲ. ಕಾಲೇಜಿಗೆಂದು ನಾನು ಕೊಂಡಿದ್ದ ಟ್ಯಾಬ್‌ನಲ್ಲಿ ಮೇಡಂ ಒಂದು ಆ್ಯಪ್ ಹಾಕಿಕೊಟ್ಟರು. ಮೂವತ್ತಾರು ಚೌಕ, ಪ್ರತಿಯೊಂದರಲ್ಲೂ ಒಂದು ಚಿತ್ರ. ಮುಟ್ಟಿದರೆ ನಾವು ತುಂಬಿಟ್ಟ ದನಿ ಮಾತಾಡುತ್ತದೆ. ಅವ್ವ ನಾಚಿಕೊಂಡಳು, ಹಾಗಾಗಿ ನನ್ನ ದನಿಯನ್ನೇ ತುಂಬಿದೆ, ನಾನು ಮನೆಯಲ್ಲಿ ಅವ್ವನನ್ನು ಹೇಗೆ ಕೇಳುತ್ತೇನೋ ಹಾಗೇ.

ಮೊದಲ ದಿನ ಅಪ್ಪ ಎಡಗೈ ಬೆರಳಿನಿಂದ ಲೋಟದ ಚಿತ್ರ ಒತ್ತಿದ. "ಯವ್ವಾ, ನೀರು ಕೊಡಬೇ" ಎಂದಿತು ಟ್ಯಾಬ್.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಮದಿವ್ಯಾಗಿ ಇಪ್ಪತ್ನಾಕು ವರ್ಷಕ್ಕ ನನ್ನ ಅವ್ವನ್ನ ಮಾಡಿದ್ರಿ ನೋಡ್ರಿ. ಕುಡೀರಪಾ, ಕುಡೀರಿ."

ಮೊದಲ ವಾರ ದಿನಕ್ಕೆ ಸರಾಸರಿ ಹನ್ನೊಂದು ಸಲ ಒತ್ತುತ್ತಿದ್ದ. ನಾಲ್ಕು ತಿಂಗಳಿಗೆ ಅರವತ್ತು ದಾಟಿತು. ಎಲ್ಲಕ್ಕಿಂತ ಹೆಚ್ಚು ಬಿದ್ದದ್ದು ಕೆಂಪು ಅಡ್ಡಗೆರೆಯ ಚೌಕ: "ಬ್ಯಾಡ". ಎರಡನೆಯದು ಚಹಾ. ಅಪ್ಪನ ಮಾತೆಂದರೆ ಆ ಹಲಗೆ, ಬೇರೆ ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ.

ಆಗಸ್ಟ್ ಕೊನೆಗೆ ಟ್ಯಾಬ್ ಕೆಟ್ಟಿತು. ಬ್ಯಾಟರಿ ಉಬ್ಬಿ ಗಾಜಿನ ಒಂದು ಮೂಲೆ ಮೇಲೆದ್ದಿತು. ಚಾರ್ಜ್ ಮೂವತ್ತೆಂಟು ತೋರಿಸುತ್ತಿದ್ದಾಗಲೇ ಪಕ್ಕನೆ ಆರುತ್ತಿತ್ತು. ಕೆಳಗಿನ ಸಾಲು ಮುಟ್ಟಿದರೂ ಮಾತಾಡುತ್ತಿರಲಿಲ್ಲ. "ನೋವು" ಇದ್ದದ್ದು ಅದೇ ಸಾಲಿನಲ್ಲಿ. ಅದನ್ನು ಮೇಲಕ್ಕೆ ತಂದೆ. ಅಪ್ಪ ಎರಡು ದಿನ ಹಳೆಯ ಜಾಗವನ್ನೇ ಒತ್ತುತ್ತ ಇದ್ದ.

ಅದೇ ವಾರ ಅದೇ ಕಂಪನಿಯ ಹೊಸ ಟ್ಯಾಬ್ ಅಂಗಡಿಗೆ ಬಂತು. ಕುಷ್ಟಗಿಯ ಮಾಮ ಫೋನ್ ಮಾಡಿ, "ಹೋಗಿ ತಗೋ, ರೊಕ್ಕ ನಂದು. ನೀ ಸುಮ್ನ ಬರಕೋಂತ ಕುಂದ್ರಬ್ಯಾಡ" ಎಂದ. ರೊಕ್ಕ ಇಲ್ಲ ಎಂಬ ನೆಪವೂ ತಪ್ಪಿತು.

ಸೆಪ್ಟೆಂಬರ್ ಒಂದು, ಸೋಮವಾರ, ಗಂಗಾವತಿಗೆ ಹೋದೆ. ಹಳೆಯದನ್ನು ಕೊಟ್ಟ ಅಂಗಡಿಯವರೇ ಹೊಸದನ್ನು ಡಬ್ಬಿಯಿಂದ ಹೊರತೆಗೆದು, ಅಂಗೈ ಮೇಲಿಟ್ಟುಕೊಂಡು ತೂಗಿ ತೋರಿಸಿದರು. ನಮ್ಮ ಆ್ಯಪ್ ಇದರಲ್ಲಿ ನಡೆಯುವುದಿಲ್ಲ, ಮಾಡಿದವರು ಯಾವಾಗಲೋ ನಿಲ್ಲಿಸಿದ್ದಾರೆ ಎಂದರು. ಬೇರೆ ಒಂದು ಇದೆ. ಅದರಲ್ಲಿ ಚೌಕಗಳ ಜಾಗ ಬೇರೆ, ಚಿತ್ರ ಬೇರೆ, ಅತ್ತಿತ್ತ ಸರಿಸಲೂ ಬರುವುದಿಲ್ಲ. ಲೋಟ ಒತ್ತಿ ತೋರಿಸಿದರು. "ನನಗೆ ಕುಡಿಯಲು ನೀರು ಬೇಕಾಗಿದೆ" ಎಂದಿತು ಒಂದು ಹೆಣ್ಣು ದನಿ.

"ನೋಡ್ರಿ ತಂಗಿ, ಎಷ್ಟು ಸಾಫ್ ಮಾತಾಡ್ತೈತಿ!"

"ನಮ್ಮಪ್ಪ ಹಿಂಗ ಮಾತಾಡಂಗಿಲ್ರಿ."

"ಯಾರೂ ಮಾತಾಡಂಗಿಲ್ಲ ಬಿಡ್ರಿ, ವಾರ್ತೆ ಓದೋರ್ನ ಬಿಟ್ರ. ನಿಮ್ಮ ದನಿ ತುಂಬಾಕ ಬರತೈತಿ ಇದರಾಗೂ. ಇದೊಂದ ಪೀಸ್ ಉಳದೈತಿ, ಮುಂದಿನ ಸೋಮವಾರದ ತನಕ ಯಾರಿಗೂ ಕೊಡಂಗಿಲ್ಲ. ಆಮ್ಯಾಲೆ ನನಗ ಅನಬ್ಯಾಡ್ರಿ."

ಬಸ್ಸಿನಲ್ಲಿ ಕೂತು ಮೇಡಂಗೆ ಫೋನ್ ಮಾಡಿದೆ. ಅಪ್ಪ ಚಿತ್ರ ನೋಡಿ ಒತ್ತುವುದಿಲ್ಲ, ಜಾಗ ನೆನಪಿಟ್ಟು ಒತ್ತುತ್ತಾನೆ, ಜಾಗ ಬದಲಾದರೆ ಮತ್ತೆ ಮೊದಲಿನಿಂದ ಶುರು ಎಂದರು. ಹಳೆಯದು ಇಂದಲ್ಲ ನಾಳೆ ಆರಿಹೋಗುತ್ತದೆ ಎಂದೂ ಅವರೇ ಅಂದರು. "ನೀನ ವಿಚಾರ ಮಾಡು" ಎಂದು ಫೋನ್ ಇಟ್ಟುಬಿಟ್ಟರು.

ವಿಚಾರ ಮಾಡಿದೆ. ಹಾಳೆ ಮಡಚಿ ಒಂದು ಕಡೆ ಹಳೆಯದು, ಒಂದು ಕಡೆ ಹೊಸದು ಎಂದು ಬರೆದೆ. ಎರಡೂ ಕಡೆ ಒಂಬತ್ತೊಂಬತ್ತು ಕಾರಣ ಆದವು. ಕೆಳಗೆ "ಅಪ್ಪನ ಮತ" ಎಂದು ಬರೆದು ಖಾಲಿ ಬಿಟ್ಟೆ. ಫೋನಿನಲ್ಲಿ ಹೊಸದರ ಚಿತ್ರ ತೋರಿಸಿದೆ. ಅಪ್ಪ "ಬ್ಯಾಡ" ಒತ್ತಿದ. ಹಳೆಯದನ್ನೇ ಬೆರಳಿಟ್ಟು ತೋರಿಸಿದೆ, "ಬ್ಯಾಡ". ಏನೂ ತೋರಿಸದೆ ಸುಮ್ಮನೆ ಕೂತೆ, ಆಗಲೂ "ಬ್ಯಾಡ".

"ಅವ್ರು ಬ್ಯಾಡ ಅಂತಾರಲ್ಲ, ಬಿಡು" ಎಂದಳು ಅವ್ವ.

"ಯಾವುದು ಬ್ಯಾಡಂತ?"

"ನೀ ಕೇಳೂದ ಬ್ಯಾಡಂತ."

ಆ ದಿನದ ಲೆಕ್ಕ: ಬ್ಯಾಡ ಮೂವತ್ತೊಂದು, ಕೈ ನಡುಕ ಹದಿನೇಳು.

ಗುರುವಾರ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಕಾಕಾ ಬಂದರು. ಯಲಬುರ್ಗಾ ಕಡೆಯವರು. ಅಪ್ಪ ಮೇಲೆ ಗೂಡಿನಲ್ಲಿದ್ದರೆ ಇವರು ಕೆಳಗೆ ನಿಂತು ಕೈಸನ್ನೆಯಲ್ಲಿ ಸಿಗ್ನಲ್ ಕೊಡುತ್ತಿದ್ದರು. ಆ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವಂತೆ. ಆಸ್ಪತ್ರೆಯಲ್ಲಿ ಒಮ್ಮೆ ನೋಡಿ ಅತ್ತುಕೊಂಡು ಹೋದವರು ಮತ್ತೆ ಬಂದಿರಲಿಲ್ಲ. ಪೇಡೆಯ ಪೊಟ್ಟಣ ಅವ್ವನ ಕೈಗೆ ಕೊಟ್ಟು ಮಂಚದ ಪಕ್ಕ ಕೂತರು.

"ಏನಪಾ ಆಪರೇಟರ್, ನನ್ನ ಕೆಳಗ ಬಿಟ್ಟು ನೀ ಇಲ್ಲಿ ಮಕ್ಕೊಂಡೀಯಲ್ಲ. ಹೊಸಾ ಹುಡುಗ ಬಂದಾನ, ನಾ ಬಲಕ್ಕ ಅಂದ್ರ ಅವ ಆಕಾಶಕ್ಕ ಹೋಗ್ತಾನ."

ಅಪ್ಪನ ಮುಖದ ಒಂದು ಪಕ್ಕ ನಕ್ಕಿತು. ಎಡಗೈ ಹಾಸಿಗೆಯಿಂದ ಎದ್ದು, ಬೆರಳು ಕೆಳಗೆ ಮಾಡಿಕೊಂಡು ಅಲುಗಿತು. ನಾನು ನೋಟ್‌ಬುಕ್ ಎಳೆದುಕೊಂಡು ಒಂದು ಗೀಟು ಹಾಕಿದೆ.

"ಏನ್ ಬರಕೊಳ್ಳಾಕತ್ತೀಬೇ?"

"ಕೈ ನಡುಗಿದ್ದು ಬರೀತೀನ್ರಿ ಕಾಕಾ. ಡಾಕ್ಟರಿಗೆ ತೋರ್ಸಾಕ."

"ನಡುಗಿದ್ದು?" ಅವರು ನಗಲು ಬಾಯಿ ತೆರೆದವರು ನಗಲಿಲ್ಲ. "ಯವ್ವಾ, ಅದು ಸಿಗ್ನಲ್. ಇಳಸು ಅನ್ನಾಕತ್ಯಾನ."

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ತೋರುಬೆರಳನ್ನು ನೆಲಕ್ಕೆ ಮಾಡಿ ಸಣ್ಣಗೆ ಸುತ್ತಿಸಿದರು. ನಾನು ಎಂಟು ತಿಂಗಳು ಎಣಿಸಿದ ನಡುಕ ಅದೇ.

"ಏನ ಇಳಸಬೇಕಂತ್ರಿ?"

"ಸಿಗ್ನಲ್ಲಿನಾಗ ಸಾಮಾನಿನ ಹೆಸರು ಬರಂಗಿಲ್ಲ. ಸಾಮಾನು ಇಬ್ಬರ ಕಣ್ಣ ಮುಂದೂ ಇರ್ತೈತಿ."

ನಾವು ಮೂವರೂ ಅಪ್ಪನ ಕಣ್ಣ ಮುಂದೆ ಏನಿದೆ ಎಂದು ನೋಡಿದೆವು. ಟ್ಯಾಬ್ ಇತ್ತು. ಕಣ್ಣಿನ ಮಟ್ಟಕ್ಕೆ ಇರಲಿ ಎಂದು ಜನವರಿಯಲ್ಲಿ ನಾನೇ ಮಂಚಕ್ಕೆ ಸ್ಟ್ಯಾಂಡ್ ಬಿಗಿದು, ಸ್ಕೇಲ್ ಇಟ್ಟು ಅಳೆದು ಕೂರಿಸಿದ್ದೆ. ಕಾಕಾ ತಿರುಪು ಸಡಿಲಿಸಿ, ಟ್ಯಾಬ್ ಕಡೆ ನೋಡದೆ ಅಪ್ಪನ ಕೈಯನ್ನೇ ನೋಡುತ್ತ, ಸ್ವಲ್ಪ ಸ್ವಲ್ಪ ಕೆಳಗೆ ಬಿಟ್ಟರು. ಒಂದು ಗೇಣು ಇಳಿದಾಗ ಅಪ್ಪನ ಅಂಗೈ ಚಪ್ಪಟೆಯಾಗಿ ಅತ್ತಿತ್ತ ಆಡಿತು. ಕಾಕಾ ಕೈ ತೆಗೆದರು.

"ನಿಲ್ಲಸು ಅಂದ."

ಟ್ಯಾಬ್ ಇದ್ದ ಜಾಗದಲ್ಲಿ ಈಗ ಬಾಗಿಲು ಕಾಣುತ್ತಿತ್ತು. ಬಾಗಿಲಾಚೆ ಅಡುಗೆಮನೆ, ಒಲೆ, ಹಂಚು. ಅವ್ವ ದಿನವೂ ಅಲ್ಲಿ ಕೂತು ರೊಟ್ಟಿ ಬಡಿಯುತ್ತಾಳೆ.

"ಎಂಟು ತಿಂಗಳಿಂದ ಇದು ಅಡ್ಡ ಇತ್ತೇನು?" ಎಂದಳು ಅವ್ವ. ಆಮೇಲೆ ಪೇಡೆ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿ, "ನನ್ನ ನೋಡಾಕೇನಲ್ಲ. ರೊಟ್ಟಿ ಆದ್ವಿಲ್ಲೋ ಅಂತ ನೋಡಾಕ ಇರಬೇಕು" ಎಂದಳು.

ನಾನು ಹಿಂದಿನ ಹಾಳೆಗಳನ್ನು ತಿರುವಿದೆ. ನಡುಕದ ಗೀಟುಗಳನ್ನು ಕೂಡಿಸಿದರೆ ಎರಡು ಸಾವಿರದ ಮುನ್ನೂರ ಎಂಬತ್ತಾರು. ಇವುಗಳಲ್ಲಿ ಇಳಿಸು ಎಷ್ಟು, ನಿಲ್ಲಿಸು ಎಷ್ಟು, ನಿಜವಾಗಿ ನಡುಗಿದ್ದು ಎಷ್ಟು ಎಂದು ಬೇರೆ ಮಾಡಲು ಈಗ ದಾರಿಯೇ ಇಲ್ಲ. ನಾನು ಬರೀ ಗೀಟು ಹಾಕಿದ್ದೆ. ಜೂನ್ ತಿಂಗಳಲ್ಲಿ ಆ ಗೀಟುಗಳನ್ನು ನೋಡಿಯೇ ಡಾಕ್ಟರು ಒಂದು ಗುಳಿಗೆ ಹೆಚ್ಚಿಸಿದ್ದರು. ಅದನ್ನು ನುಂಗಿದ ಮೊದಲ ದಿನಗಳಲ್ಲಿ ಅಪ್ಪ ಮಧ್ಯಾಹ್ನವೆಲ್ಲ ತೂಕಡಿಸುತ್ತಿದ್ದ. ನಡುಕ ದಿನಕ್ಕೆ ಆರಕ್ಕೆ ಇಳಿದಿತ್ತು. ಪಕ್ಕದಲ್ಲಿ ನಾನು "ಸುಧಾರಣೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಹೋಗುವ ಮುಂಚೆ ಕಾಕಾನನ್ನು ಕೇಳಿದೆ. "ಹಳೇದ ಇರ್ಲೋ, ಹೊಸದು ತರ್ಲೋ, ಒಮ್ಮೆ ಕೇಳ್ರಿ ಅಪ್ಪಗ."

"ಅದಕ್ಕೆಲ್ಲಿ ಸಿಗ್ನಲ್ ಐತಿಬೇ? ಮ್ಯಾಲ, ಕೆಳಗ, ಅತ್ಲಾಗ, ಇತ್ಲಾಗ, ಸಣ್ಣಗ, ನಿಲ್ಲು. ಇಷ್ಟರಾಗ ಇಪ್ಪತ್ತೆರಡು ವರ್ಷ ನಡಸೇವಿ, ಒಬ್ಬನ ಬೆರಳೂ ಜಜ್ಜಿಲ್ಲ."

"ಹೆಂಗೈತಿ ಹಂಗ ಇರ್ಲಿ ಅನ್ನಾಕ?"

"ಅದೊಂದೈತಿ." ಎರಡೂ ಕೈ ಎದೆಯ ಮುಂದೆ ತಂದು, ಒಂದರಲ್ಲಿ ಇನ್ನೊಂದನ್ನು ಬಿಗಿಯಾಗಿ ಹಿಡಿದು ತೋರಿಸಿದರು. ಅಪ್ಪ ಅವರ ಕೈಗಳನ್ನು ನೋಡಿದ, ಆಮೇಲೆ ತನ್ನ ಬಲಗೈ ನೋಡಿದ. ಕಾಕಾ ಬೇಗನೆ ಕೈ ಬಿಡಿಸಿಕೊಂಡರು. "ಇವಂಗ ಈಗ ಬರಂಗಿಲ್ಲ ಅದು" ಎಂದು ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದರು.

ಭಾನುವಾರ ಸಂಜೆ ಹಳೆಯ ಟ್ಯಾಬ್ ಆರಿದ್ದು ಮತ್ತೆ ಹತ್ತಲಿಲ್ಲ. ಗಾಜು ಪೂರ್ತಿ ಎದ್ದಿತ್ತು. ಸೋಮವಾರ ಗಂಗಾವತಿಗೆ ಹೋಗಿ ಹೊಸದನ್ನು ತಂದೆ. ಒಂಬತ್ತು ಕಾರಣ, ಒಂಬತ್ತು ಕಾರಣ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. "ಅಪ್ಪನ ಮತ" ಖಾಲಿಯೇ ಉಳಿಯಿತು. ಮೂವತ್ತಾರು ಮಾತುಗಳನ್ನು ಮತ್ತೆ ತುಂಬಿದೆ. ಲೋಟ ಈಗ ಬಲ ಮೂಲೆಯಲ್ಲಿದೆ. ಅಪ್ಪ ಎಡ ಮೂಲೆಯನ್ನು ಒತ್ತುತ್ತಾನೆ, ಅಲ್ಲಿ ಫ್ಯಾನ್ ಇದೆ. ಅವ್ವ ನೀರನ್ನೂ ಕೊಟ್ಟು ಫ್ಯಾನನ್ನೂ ಹಾಕುತ್ತಾಳೆ. ಮೊದಲ ದಿನ ಒತ್ತಿದ್ದು ನಾಲ್ಕು ಸಲ. ಹತ್ತನೆಯ ದಿನ ಏಳು.

ಡಾಕ್ಟರಿಗೆ ನೋಟ್‌ಬುಕ್ ತೋರಿಸಿ ಎಲ್ಲ ಹೇಳಿದೆ. ಹೆಚ್ಚಿಸಿದ ಗುಳಿಗೆ ನಿಲ್ಲಿಸಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಐದನೆಯ ಕಾಲಮಿನ ತಲೆಬರಹ ಹೊಡೆದು ಹಾಕಿದ್ದೇನೆ, ಬದಲಿಗೆ ಏನು ಬರೆಯಬೇಕೋ ತಿಳಿದಿಲ್ಲ. ಕಾಕಾ ರಜೆಯ ದಿನ, ಗುರುವಾರ ಮಾತ್ರ ಬರುತ್ತಾರೆ. ಉಳಿದ ಆರು ದಿನ ಅಪ್ಪನ ಕೈ ಎದ್ದಾಗ ನಾನು ಅವನ ತಲೆದಿಂಬಿನ ಪಕ್ಕ ಬಗ್ಗಿ, ಅವನು ನೋಡುವ ಕಡೆಗೇ ನೋಡುತ್ತೇನೆ. ಗೋಡೆ, ಕ್ಯಾಲೆಂಡರ್, ಕಿಟಕಿಯ ಅರ್ಧ ಪರದೆ, ಬಾಗಿಲು, ಒಲೆಯ ಮುಂದೆ ಅವ್ವನ ಬೆನ್ನು. ನಿನ್ನೆ ಬೆರಳು ಮೇಲೆ ಮಾಡಿ ಸುತ್ತಿಸಿದ. ಪರದೆ ಎತ್ತಿದೆ, ನಿಲ್ಲಿಸಲಿಲ್ಲ. ದಿಂಬು ಎತ್ತಿದೆ, ನಿಲ್ಲಿಸಲಿಲ್ಲ. ಟ್ಯಾಬ್ ಎತ್ತಿದೆ. ಕೊನೆಗೆ ಕೈಯೇ ಸೋತು ಹಾಸಿಗೆಗೆ ಇಳಿಯಿತು. ಏನನ್ನು ಎತ್ತಬೇಕಿತ್ತೋ, ಗೊತ್ತಾಗಲಿಲ್ಲ.