ಪೀಪಿ ಮೇಷ್ಟ್ರ ಇಪ್ಪತ್ತು

ಪೀಪಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಊದುವ ವಾದ್ಯಗಳನ್ನು ರಿಪೇರಿ ಮಾಡುವವರು. ಕ್ಲಾರಿನೆಟ್, ಕೊಳಲು, ಟ್ರಂಪೆಟ್, ಸ್ಯಾಕ್ಸೊಫೋನ್, ಬಾಯಿಯಿಂದ ಊದುವಂಥದ್ದು ಯಾವುದು ಮುನಿಸಿಕೊಂಡರೂ ಅವರ ಬಾಗಿಲಿಗೇ ಬರುತ್ತಿತ್ತು. ಅಂಗಡಿಯೊಳಗಿಂದ ದಿನಕ್ಕೆ ಹತ್ತು ಸಲ ಪೀ ಎಂಬ ಸದ್ದು ಕೇಳಿ ಬೀದಿಯ ಮಕ್ಕಳು ಪೀಪಿ ಎಂದು ಹೆಸರಿಟ್ಟವು. ಮಕ್ಕಳ ತಾಯಂದಿರು ಮರ್ಯಾದೆ ಉಳಿಯಲಿ ಎಂದು ಮೇಷ್ಟ್ರು ಸೇರಿಸಿದರು.

ಅಂಗಡಿ ಎಂದರೆ ಬೀದಿಗೆ ತೆರೆದುಕೊಂಡ ಒಂದು ಕಿರಿದಾದ ಕೋಣೆ. ಒಳಗೆ ಎದುರುಬದುರು ಎರಡು ಮೇಜು. ಕಿಟಕಿಯ ಪಕ್ಕದ್ದು ಅವರದು. ಅದರ ಮೇಲೆ ಸಣ್ಣ ಸ್ಕ್ರೂಗಳ ಡಬ್ಬಿ, ಎಣ್ಣೆ ಬಾಟಲಿ, ಬೆಸುಗೆಯ ಸಾಮಾನು, ಬೇರೆ ಯಾರೂ ಮುಟ್ಟಬಾರದ ಒಂದು ಹಳೇ ಬನಿಯನ್ ತುಂಡು. ಎದುರಿನ ಮೇಜು ಅವರ ಹೆಂಡತಿಯದು. ವಾದ್ಯದ ತೂತುಗಳನ್ನು ಮುಚ್ಚುವ ಕೀಲಿಗಳ ಕೆಳಗೆ ಮೆತ್ತನೆಯ ಬಿಲ್ಲೆಗಳಿರುತ್ತವೆ. ಅವನ್ನು ಮಾಡುವುದು ಆಕೆಯ ಕೆಲಸ. ದಪ್ಪ ಉಣ್ಣೆ ಬಟ್ಟೆಯ ಮೇಲೆ ಕಬ್ಬಿಣದ ಅಚ್ಚಿಟ್ಟು ಪುಟ್ಟ ಮರದ ಸುತ್ತಿಗೆಯಿಂದ ಒಂದೇ ಏಟು. ಅಂಗಿಯ ಗುಂಡಿಯಷ್ಟು ಬಿಲ್ಲೆ ಈಚೆ ಬೀಳುತ್ತಿತ್ತು.

"ಊದೋನು ನಾನು. ಗಾಳಿ ಸೋರದ ಹಾಗೆ ನೋಡ್ಕೊಳ್ಳೋಳು ಇವಳು" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

"ಮನೇಲೂ ಅಷ್ಟೇ" ಎಂದು ಆಕೆ ತಲೆ ಎತ್ತದೆ ಸೇರಿಸುತ್ತಿದ್ದಳು.

ಆ ಅಂಗಡಿಗೆ ಒಂದು ಕಟ್ಟಳೆ ಇತ್ತು. ರಿಪೇರಿಯಾದ ವಾದ್ಯ ಹೊಸ್ತಿಲು ದಾಟುವ ಮೊದಲು ಮೇಷ್ಟ್ರು ಅದರಲ್ಲಿ ಒಂದೇ ಸ್ವರವನ್ನು ಒಂದೇ ಉಸಿರಿನಲ್ಲಿ, ಅಲುಗದಂತೆ ಊದಬೇಕು. ಎದುರಿನ ಮೇಜಿನ ಅಂಚಿಗೆ ಆಕೆ ಸುತ್ತಿಗೆಯಿಂದ ಟಕ್, ಟಕ್ ಎಂದು ಎಣಿಸಬೇಕು. ಇಪ್ಪತ್ತು ಮುಟ್ಟಿದರೆ ವಾದ್ಯ ಮನೆಗೆ ಹೋಗಬಹುದು. ಮುಟ್ಟದಿದ್ದರೆ ಕೂದಲೆಳೆಯಷ್ಟು ಗಾಳಿ ಎಲ್ಲೋ ಸೋರುತ್ತಿದೆ ಎಂದರ್ಥ. ಅದು ಮತ್ತೆ ಮೇಜಿಗೆ. "ನನ್ನ ಇಪ್ಪತ್ತು ನಿಂತ ದಿನ ಈ ಬಾಗಿಲು ಹಾಕ್ತೀನಿ" ಎಂದು ಮೇಷ್ಟ್ರು ನಾಲ್ಕು ಜನರ ಮುಂದೆ ಎದೆ ತಟ್ಟಿ ಹೇಳಿದ್ದರು. ಅದೂ ಒಂದು ಸಲವಲ್ಲ, ಮೂವತ್ತು ವರ್ಷ.

ಆ ಎದೆಯಾದರೂ ಎಂಥದು! ಹುಟ್ಟಿನಿಂದಲೇ ಉಬ್ಬಸ. ಓರಗೆಯವರು ಓಡುವಾಗ ಅವರು ಜಗುಲಿಯಲ್ಲಿ ಕೂತು ನೋಡುತ್ತಿದ್ದರಂತೆ. ಬ್ಯಾಂಡಿನವನೊಬ್ಬ ಅಯ್ಯೋ ಪಾಪ ಎಂದು ಬಿರುಕು ಬಿಟ್ಟ ಕೊಳಲೊಂದನ್ನು ಕೈಗಿಟ್ಟ. ಅದರ ಬಿರುಕಿಗೆ ಮೇಣ ಮೆತ್ತಿ ಊದಿದಾಗ ಹೊರಟ ಸದ್ದು ತನ್ನದೇ ಎಂದು ನಂಬಲು ಅವರಿಗೆ ಒಂದು ವಾರ ಬೇಕಾಯಿತಂತೆ. ದೊಡ್ಡವರಾದ ಮೇಲೆ ಬ್ಯಾಂಡಿನ ಗೆಳೆಯರ ಜೊತೆ ಸಿಗರೇಟು ಬಂತು, ಪಾಲಿಶ್ ಚಕ್ರದ ಧೂಳು ಬಂತು. ಹೆಂಡತಿ ಬಂದ ಮೇಲೆ ಸಿಗರೇಟು ಹೋಯಿತು. ಧೂಳು ಹೋಗಲಿಲ್ಲ, ಅದು ಅನ್ನ ಹಾಕುವ ಧೂಳು.

ಅರವತ್ತು ದಾಟಿದ ಮೇಲೆ ಇಪ್ಪತ್ತು ಕುಸಿಯತೊಡಗಿತು. ಹದಿನೆಂಟರಲ್ಲಿ ಸ್ವರ ನಡುಗಿತು. ಮುಂದಿನ ವರ್ಷ ಹದಿನೈದರಲ್ಲಿ. ವಾದ್ಯದಲ್ಲಿ ಸೋರಿಕೆ ಇಲ್ಲವೆಂದು ಆಕೆಗೆ ಗೊತ್ತಿತ್ತು. ಬಿಲ್ಲೆಗಳು ಆಕೆಯವೇ ತಾನೆ? ಒಂದು ಮಧ್ಯಾಹ್ನ ಆಕೆಯ ಸುತ್ತಿಗೆ ತಾನಾಗಿಯೇ ಸ್ವಲ್ಪ ಚುರುಕಾಯಿತು. ಇಪ್ಪತ್ತು ಮುಟ್ಟಿತು. ಅವರು ಕಣ್ಣು ತೆರೆದು ನಕ್ಕರು. ಆ ನಗುವಿನ ಆಸೆಗೆ ಆಕೆ ಮರುದಿನವೂ ಹಾಗೇ ಮಾಡಿದಳು. ಕೊನೆಗೆ ಸುತ್ತಿಗೆಯ ಓಟ ಬಯಲಾದೀತೆಂದು ಹೆದರಿ ಅದನ್ನು ಬದಿಗಿಟ್ಟು, "ಮೊಣಕೈ ನೋವು ರೀ, ಮನಸ್ಸಲ್ಲೇ ಎಣಿಸ್ತೀನಿ" ಅಂದಳು. ಮನಸ್ಸಿನಲ್ಲಿ ಎಷ್ಟು ಜೋರಾಗಿ ಓಡಿದರೂ ಸದ್ದಾಗುವುದಿಲ್ಲವಲ್ಲ.

ಒಂದು ದಿನ ಅಟ್ಟದಿಂದ ಟ್ರಂಪೆಟ್ಟಿನ ಪೆಟ್ಟಿಗೆ ಇಳಿಸುವಾಗ ಅವರು ಏಣಿಯ ನಡುವೆಯೇ ಕೂತುಬಿಟ್ಟರು. ತುಟಿ ಬಣ್ಣಗೆಟ್ಟಿತ್ತು. ಆಕೆ ಅಂದೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಳೇ ಉಬ್ಬಸದ ಜೊತೆಗೆ ಈಗ ಶ್ವಾಸಕೋಶವೂ ಸವೆದಿದೆ, ಎರಡೂ ಸೇರಿಕೊಂಡಿವೆ ಎಂದರು ಡಾಕ್ಟರು. ಬಿಲ್ಲೆಯಾಕಾರದ ಒಂದು ಇನ್‌ಹೇಲರ್ ಬರೆದುಕೊಟ್ಟರು. ಅದರೊಳಗೆ ಎರಡು ಔಷಧಿ. ಒಂದು ಬಿಗಿದುಕೊಂಡ ನಾಳಗಳನ್ನು ಸಡಿಲಿಸಲು, ಇನ್ನೊಂದು ಒಳಗಿನ ಊತ ಇಳಿಸಲು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮೈ ಹಗುರಾಗಿದ್ದರೂ ಬಿಡುವಂತಿಲ್ಲ. ಇದ್ದಕ್ಕಿದ್ದಂತೆ ಉಬ್ಬಸ ಕೆರಳಿದರೆ ಬೇರೆ ಒಂದು, ನೀಲಿಯದು.

ನರ್ಸಮ್ಮ ತೆಗೆದುಕೊಳ್ಳುವ ಬಗೆ ಹೇಳಲು ಬಂದರೆ ಮೇಷ್ಟ್ರು ಕೈ ಅಡ್ಡ ಹಿಡಿದರು. "ಬಾಯಿಗಿಟ್ಕೊಳ್ಳೋದು ನನಗೆ ಕಲಿಸ್ತೀಯೇನಮ್ಮ? ಐವತ್ತು ವರ್ಷದಿಂದ ನಾನು ಮಾಡ್ತಿರೋದೇ ಅದು." ಹೊರಗೆ ಸಾಲು ಉದ್ದವಿತ್ತು. ಅವಳೂ ನಕ್ಕು ಬಿಟ್ಟುಬಿಟ್ಟಳು.

ಮೂರು ತಿಂಗಳು ಅವರು ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಸಂಜೆ ಅಂಗಡಿಯ ದೀಪ ಹಾಕುವ ಮೊದಲು. ಇನ್‌ಹೇಲರಿನ ಪುಟ್ಟ ಕಿಂಡಿಯಲ್ಲಿ ಅಂಕಿ ದಿನಕ್ಕೆ ಎರಡರಂತೆ ಇಳಿಯುತ್ತಿತ್ತು. ಆಕೆ ದಿನಾ ನೋಡುತ್ತಿದ್ದಳು. ಅಂಕಿ ಇಳಿಯಿತು, ಉಬ್ಬಸ ಮಾತ್ರ ಇಳಿಯಲಿಲ್ಲ. ನೀಲಿಯದು ವಾರಕ್ಕೆ ನಾಲ್ಕು ಸಲ ಬೇಕಾಗುತ್ತಿತ್ತು.

ಆಗಲೇ ಪೋಸ್ಟ್‌ಮ್ಯಾನ್ ತನ್ನ ಕ್ಲಾರಿನೆಟ್ ಒಯ್ಯಲು ಬಂದದ್ದು. ಅವನು ಹಗಲು ಕಾಗದ ಹಂಚುವವನು, ರಜಾದಿನ ಪಾರ್ಕಿನ ಬ್ಯಾಂಡಿನಲ್ಲಿ ನುಡಿಸುವವನು. ಮೇಷ್ಟ್ರು ಎಂದಿನಂತೆ ಮೊದಲು ವಾದ್ಯಕ್ಕೆ ಕಾವು ಕೊಟ್ಟರು. ಅದು ಅವರ ಕೈಗೆ, ಅಲ್ಲ, ಬಾಯಿಗೆ ಅಂಟಿದ ರೂಢಿ. ತಣ್ಣಗಿನ ವಾದ್ಯ ಶ್ರುತಿಗೆ ನಿಲ್ಲುವುದಿಲ್ಲ; ಅದಕ್ಕೇ ಬಾಯಿಗಿಟ್ಟು, ಸ್ವರ ಹುಟ್ಟದಷ್ಟು ಮೆಲ್ಲಗೆ, ಹಾ ಎಂದು ಒಂದು ಉದ್ದನೆಯ ಬಿಸಿಯುಸಿರು. "ಮೊದಲು ನಾವು ಕೊಡ್ಬೇಕು. ಆಮೇಲೆ ಅದನ್ನ ಕೇಳ್ಬೇಕು" ಎನ್ನುವುದು ಅವರ ಮಾತು. ಹಾಗೆ ಕೊಟ್ಟು, ಕಣ್ಣು ಮುಚ್ಚಿ ಸ್ವರ ಎತ್ತಿದರು. ಅದು ಬೇಗನೆ ಬತ್ತಿಹೋಯಿತು.

"ಇಪ್ಪತ್ತು" ಎಂದಳು ಆಕೆ.

ತಾಳ ಬಲ್ಲ ಪೋಸ್ಟ್‌ಮ್ಯಾನ್ ಆಕೆಯ ಮುಖ ನೋಡಿದ. ಮೇಷ್ಟ್ರು ಪೋಸ್ಟ್‌ಮ್ಯಾನಿನ ಮುಖ ನೋಡಿದರು. ಮೇಷ್ಟ್ರು ಕ್ಲಾರಿನೆಟ್ಟನ್ನು ಒರೆಸಿ ಪೆಟ್ಟಿಗೆಗೆ ವಾಪಸು ಇಟ್ಟು, "ಇನ್ನೂ ಸ್ವಲ್ಪ ದಿನ ಇರ್ಲಿ ಕಣಪ್ಪ. ಎಲ್ಲೋ ಸೋರ್ತಿದೆ" ಅಂದರು. ಎಲ್ಲಿ ಎಂದು ಅವನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಇನ್‌ಹೇಲರ್ ಮೇಜಿನ ಮೇಲಿರಲಿಲ್ಲ. ಯಾವ ವಾದ್ಯಕ್ಕೂ ಹೊಂದದ ಸ್ಕ್ರೂಗಳನ್ನು ಹಾಕಿಡುವ ಡಬ್ಬಿಯಲ್ಲಿ ಆಕೆಗೆ ಅದು ಸಿಕ್ಕಿತು.

"ಇದ್ಯಾಕ್ರೀ ಇಲ್ಲಿ?"

"ಅದೂ ನನಗೆ ಹೊಂದ್ಲಿಲ್ಲ. ತಿಂಗಳ ಕೊನೆಗೆ ಬಾಗಿಲು ಹಾಕ್ಬಿಡೋಣ. ಹೇಳಿದ ಮಾತು ಹೇಳಿದ್ದೇ."

"ಬಾಗಿಲು ಹಾಕಿ?"

"ನೀನು ಹೇಳಿದ ಹಾಗೆ ಕೇಳ್ಕೊಂಡು ಮನೇಲಿರ್ತೀನಿ."

"ಅಂಥ ಸುದಿನ ನನ್ನ ಹಣೇಲಿ ಬರ್ದಿಲ್ಲ. ಚಪ್ಪಲಿ ಹಾಕ್ಕೊಳ್ಳಿ" ಎಂದು ಆಕೆ ಇನ್‌ಹೇಲರನ್ನು ಚೀಲಕ್ಕೆ ಹಾಕಿಕೊಂಡಳು. ತಮಾಷೆ ಮಾಡಿದಳೇ ಹೊರತು ದಾರಿಯುದ್ದಕ್ಕೂ ಆಕೆಗೆ ಕಂಡದ್ದು ಎದುರುಬದುರಿನ ಆ ಎರಡು ಮೇಜು. ವಾದ್ಯಗಳಿಲ್ಲದೆ ಅವರ ಕೈ ಸುಮ್ಮನಿದ್ದೀತು; ಅವರು ಏನಾಗುತ್ತಾರೆ? ತಾನೇನಾಗುತ್ತೇನೆ?

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ಹುಬ್ಬು ಗಂಟಿಕ್ಕಿದರು. "ದಿನಾ ತಗೊಳ್ತಿದ್ದಾರಾ?"

"ನಾನೇ ಕಣ್ಣಾರೆ ನೋಡ್ತೀನಿ ಡಾಕ್ಟ್ರೇ. ಎರಡು ಹೊತ್ತೂ. ಬೇಕಿದ್ರೆ ಅಂಕಿ ನೋಡಿ."

ಔಷಧಿಯ ಪ್ರಮಾಣ ಹೆಚ್ಚಿಸಲು ಪೆನ್ನು ಎತ್ತಿದವರು, ಬರೆಯುವ ಮೊದಲು ಒಂದು ಸಲ ತೆಗೆದುಕೊಳ್ಳುವ ಬಗೆಯನ್ನೂ ನೋಡಿಬಿಡೋಣವೆಂದು ಇಬ್ಬರನ್ನೂ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಅದೇ ನರ್ಸಮ್ಮ. "ಅಂಕಲ್, ಈ ಸಲ ನಾನೇನೂ ಹೇಳ್ಕೊಡಲ್ಲ. ನೀವೇ ನನಗೆ ತೋರ್ಸಿ" ಅಂದಳು.

ಮೇಷ್ಟ್ರು ನೆಟ್ಟಗೆ ಕೂತರು. ಮುಚ್ಚಳ ಸರಿಸಿದರು. ಪುಟ್ಟ ಸನ್ನೆಕೋಲು ಒತ್ತಿದರು, ಕಟ್ ಎಂದು ಸದ್ದಾಯಿತು. ಬಾಯಿಗಿಟ್ಟರು. ಮತ್ತೆ, ಕಣ್ಣು ಅರೆ ಮುಚ್ಚಿ, ಅದರೊಳಕ್ಕೆ ಹಾ ಎಂದು ಒಂದು ಉದ್ದನೆಯ ಬಿಸಿಯುಸಿರು ಬಿಟ್ಟರು. ಆಮೇಲೆ ಒಳಕ್ಕೆ ಎಳೆದುಕೊಂಡರು.

ನರ್ಸಮ್ಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಅಯ್ಯೋ ಅಂಕಲ್! ಒಳಗಡೆ ಯಾಕೆ ಊದ್ತೀರಾ?"

"ಊದಿಲ್ಲಮ್ಮ. ಕಾವು ಕೊಟ್ಟೆ."

"ಯಾಕೆ?"

ಮೇಷ್ಟ್ರು ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದರು. ಯಾಕೆ ಎಂದು ಅವರನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಇದರಲ್ಲಿರೋದು ಪುಡಿ. ನೀವು ಉಸಿರು ಬಿಟ್ರೆ ಅರ್ಧ ಹಾರಿ ಹೋಗುತ್ತೆ, ಮಿಕ್ಕಿದ್ದು ತೇವ ಆಗಿ ಅಲ್ಲೇ ಅಂಟ್ಕೊಳ್ಳುತ್ತೆ. ಮೂರು ತಿಂಗಳಿಂದ ನೀವು ಔಷಧೀನ ಗಾಳಿಗೆ ಕುಡಿಸಿದ್ದೀರಾ!"

ಹೆಂಡತಿ ಗೋಡೆಗೆ ಒರಗಿದಳು. ದಿನಾ ಎರಡು ಹೊತ್ತು ಎದುರಿಗೇ ನಿಂತು ನೋಡಿದ್ದಳು. ನೋಡಿದ್ದಳು, ಕಂಡಿರಲಿಲ್ಲ. ತುಟಿಗೆ ಸೋಕಿದ್ದಕ್ಕೆಲ್ಲ ಕಾವು ಕೊಡುವ ಗಂಡನ ಜೊತೆ ಮೂವತ್ತು ವರ್ಷ ಬಾಳಿದವಳಿಗೆ ಅದು ರೆಪ್ಪೆ ಬಡಿದಷ್ಟೇ ಸಹಜವಾಗಿತ್ತು. ಆಕೆಗೆ ಅಳು ಬಂತು. ನಗು ಅದಕ್ಕಿಂತ ಮೊದಲು ಬಂತು.

"ನಗು, ನಗು" ಎಂದರು ಮೇಷ್ಟ್ರು ಕೆಂಪಾಗಿ. "ಐವತ್ತು ವರ್ಷದ ವಿದ್ಯೆ ನೀರಲ್ಲಿ ಹೋಮ ಆಯ್ತು."

"ವಿದ್ಯೆ ಅಲ್ಲ ರೀ, ಪುಡಿ."

ನರ್ಸಮ್ಮ ಒಂದೊಂದಾಗಿ ಕಲಿಸಿದಳು. ಉಸಿರನ್ನು ಮೊದಲು ಆಚೆ, ಮುಖ ಪಕ್ಕಕ್ಕೆ ತಿರುಗಿಸಿ ಖಾಲಿ ಮಾಡಬೇಕು. ಆಮೇಲೆ ತುಟಿ ಬಿಗಿಹಿಡಿದು ಜೋರಾಗಿ, ಆಳವಾಗಿ ಒಳಕ್ಕೆ ಎಳೆದುಕೊಳ್ಳಬೇಕು. ಸಾಧನವನ್ನು ಬಾಯಿಂದ ತೆಗೆದು, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಹುಣ್ಣಾದೀತು. ಮೇಷ್ಟ್ರು ಅಂದು ಮೊದಲ ಪಾಠದ ಮಗುವಿನಂತೆ ಮೂರು ಸಲ ತಪ್ಪಿದರು. ನಾಲ್ಕನೆಯ ಸಲವೂ ತುಟಿ ಹಾ ಎನ್ನಲು ಹೊರಟಿತು; ಹೆಂಡತಿ "ರೀ!" ಎಂದದ್ದರಿಂದ ನಿಂತಿತು.

ಪವಾಡವೇನೂ ಆಗಲಿಲ್ಲ. ಮೊದಲ ವಾರ ಏನೂ ಇಲ್ಲ. ಮೂರನೆಯ ವಾರ ಅವರು ರಾತ್ರಿಯಿಡೀ ಒಂದೇ ದಿಂಬಿನ ಮೇಲೆ ಮಲಗಿ ನಿದ್ದೆ ಮಾಡಿದರು. ಒಂದು ತಿಂಗಳಾದ ಮೇಲೆ ನೀಲಿಯದು ಎಲ್ಲಿಟ್ಟಿದ್ದೇವೆ ಎಂದು ಹುಡುಕಬೇಕಾಗಿ ಬಂತು. ಆಕೆ ಅದನ್ನು ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದಳು. ಅಂಗಡಿಯ ಬಾಗಿಲು ಹಾಕುವ ಮಾತನ್ನು ಇಬ್ಬರೂ ಎತ್ತಲಿಲ್ಲ, ಮರೆಯಲೂ ಇಲ್ಲ. ಪಾಲಿಶ್ ಚಕ್ರದ ಮುಂದೆ ಕೂರುವಾಗ ಅವರು ಮೂಗು ಬಾಯಿಗೆ ಮುಸುಕು ಕಟ್ಟಿಕೊಳ್ಳತೊಡಗಿದರು. "ಕಳ್ಳನ ಹಾಗೆ ಕಾಣ್ತೀರಾ" ಎಂದಳು ಆಕೆ. "ಇರೋದು ಒಂದೇ ಮನೆ, ದೋಚಿ ಆಗಿದೆ" ಎಂದರು ಅವರು.

ಪೋಸ್ಟ್‌ಮ್ಯಾನ್ ಮತ್ತೆ ಬಂದ. ಈ ಸಲ ಬಾಗಿಲ ಬಳಿಯೇ ನಿಂತ.

ಮೇಷ್ಟ್ರು ಪೆಟ್ಟಿಗೆ ತೆರೆದು ಕ್ಲಾರಿನೆಟ್ಟಿಗೆ ಕಾವು ಕೊಟ್ಟರು. ಆಮೇಲೆ ತಟ್ಟನೆ ನಿಂತು ಹೆಂಡತಿಯ ಕಡೆ ತಿರುಗಿದರು.

"ಸುತ್ತಿಗೆ ತಗೋ."

ಆಕೆ ಮೊಣಕೈ ಹಿಡಿದುಕೊಂಡಳು. "ಮೊಣಕೈ..."

"ನಿನ್ನ ಮೊಣಕೈಗೆ ಏನೂ ಆಗಿಲ್ಲ ಕಣೇ. ನೀನು ಸುತ್ತಿಗೆ ಕೆಳಗಿಟ್ಟ ದಿನಾನೇ ನನಗೆ ಗೊತ್ತಾಯ್ತು. ತಾಳ ತಪ್ಪಿದ್ರೆ ತಿಳಿಯದೇ ಇರುತ್ತಾ ನನಗೆ?"

"ಮತ್ತೆ ಯಾಕ್ರೀ ಸುಮ್ನಿದ್ರಿ?"

"ನೀನು ಅಷ್ಟು ಕಷ್ಟಪಟ್ಟು ಓಡ್ತಿದ್ದೆ. ಅಡ್ಡಗಾಲು ಹಾಕೋಕೆ ಮನಸಾಗ್ಲಿಲ್ಲ."

ಪೋಸ್ಟ್‌ಮ್ಯಾನ್ ಬೀದಿಯಲ್ಲಿ ಏನೋ ಇದೆಯೆಂಬಂತೆ ಅತ್ತ ನೋಡಿದ. ಆಕೆ ಸುತ್ತಿಗೆ ಹಿಡಿದಳು. ಸ್ವರ ಎದ್ದಿತು. ಆಕೆ ಒಂದೊಂದಾಗಿ, ಹಳೆಯ ನಡೆಯಲ್ಲಿ, ಒಂದಿಷ್ಟೂ ತಳ್ಳದೆ ಎಣಿಸಿದಳು. ಎಂಟು. ಹತ್ತು. ಹನ್ನೆರಡರಲ್ಲಿ ಅವರ ಕತ್ತಿನ ನರ ಉಬ್ಬಿತು. ಓಡು ಎಂದಿತು ಆಕೆಯ ಕೈ. ಆಕೆ ಕೈಯನ್ನು ಓಡಗೊಡಲಿಲ್ಲ. ಹದಿಮೂರು. ಹದಿನಾಲ್ಕು. ಸ್ವರ ನಿಂತಿತು.

"ಹದಿನಾಲ್ಕು" ಎಂದಳು ಆಕೆ, ತಲೆ ತಗ್ಗಿಸಿ.

ಮೇಷ್ಟ್ರು ಸುಧಾರಿಸಿಕೊಂಡು ಕ್ಲಾರಿನೆಟ್ಟನ್ನು ಒರೆಸಿದರು, ಪೆಟ್ಟಿಗೆಯಲ್ಲಿಟ್ಟರು, ಪೋಸ್ಟ್‌ಮ್ಯಾನಿನ ಕೈಗೆ ಕೊಟ್ಟರು.

"ಮೇಷ್ಟ್ರೇ, ಕಟ್ಟಳೆ ಇಪ್ಪತ್ತಲ್ವಾ?"

"ವಾದ್ಯ ಸೋರುತ್ತೋ ಇಲ್ವೋ ಅಂತ ತಿಳಿಯೋಕೆ ಹತ್ತು ಸಾಕು ಕಣಪ್ಪ. ಮೊದಲಿಂದಲೂ ಹತ್ತೇ ಸಾಕಾಗಿತ್ತು." ಅವರು ಎದುರಿನ ಮೇಜನ್ನು ನೋಡಿದರು. "ಮಿಕ್ಕ ಹತ್ತು ಇವಳಿಗೆ ತೋರ್ಸೋಕೆ ಊದ್ತಿದ್ದೆ. ಇನ್ಮೇಲೆ ನಾಲ್ಕು ಸಿಕ್ಕಿದ್ರೂ ಲಾಭಾನೇ."

ಆಕೆ ಅಚ್ಚಿನಡಿಯಲ್ಲಿ ಬಟ್ಟೆ ಇದೆಯೋ ಇಲ್ಲವೋ ನೋಡದೆ ಒಂದು ಏಟು ಹಾಕಿದಳು.

ಅಂಗಡಿ ಈಗಲೂ ಇದೆ. ಸಂಜೆ ದೀಪ ಹಾಕುವ ಮೊದಲು ಆ ಬೀದಿಯಲ್ಲಿ ನಡೆದರೆ ಒಳಗಿಂದ ಟಕ್, ಟಕ್ ಕೇಳಿಸುತ್ತದೆ, ಆದರೆ ಯಾವ ಸ್ವರವೂ ಇರುವುದಿಲ್ಲ. ಮೇಷ್ಟ್ರು ಕೆನ್ನೆ ಬಿಗಿದು ಉಸಿರು ಹಿಡಿದು ಕೂತಿರುತ್ತಾರೆ. ಪಕ್ಕದಲ್ಲಿ ಬಾಯಿ ಮುಕ್ಕಳಿಸಲು ಲೋಟದಲ್ಲಿ ನೀರು. ಒಂಬತ್ತರವರೆಗೆ ಸುತ್ತಿಗೆ ಸರಿಯಾಗಿಯೇ ನಡೆಯುತ್ತದೆ. ಹತ್ತಕ್ಕೆ ಮಾತ್ರ ಕೊಂಚ ತಡೆಯುತ್ತದೆ. ಉಸಿರು ಹಿಡಿದವರು ಬೈಯುವಂತಿಲ್ಲ, ಕಣ್ಣು ಕೆಕ್ಕರಿಸುತ್ತಾರೆ. ಆಕೆ ಏನೂ ಅರಿಯದವಳಂತೆ ಕಿಟಕಿಯಾಚೆ ನೋಡಿ, ಇನ್ನೊಂದು ಗಳಿಗೆ ಬಿಟ್ಟು, ಟಕ್ ಎನ್ನಿಸುತ್ತಾಳೆ.