ಅಪ್ಪನಿಗೆ ಕುಡಿಸಿದ ಕಬ್ಬಿಣ

ಸುಸ್ತು ಎಂದವರಿಗೆಲ್ಲ ‘ರಕ್ತ ಕಡಿಮೆ ಐತೆ’ ಎಂದು ಹೇಳಿ ಕಳಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳಿ ಹೇಳಿಯೇ ನಮ್ಮಪ್ಪನಿಗೆ ವರ್ಷಗಟ್ಟಲೆ ವಿಷ ಕುಡಿಸಿದರು. ವಿಷವೆಂದರೆ ಬೇರೇನಲ್ಲ, ಕಬ್ಬಿಣ.

ಐವತ್ತರ ದಶಕದ ಕೊನೆಯಲ್ಲಿ ನಾವು ಹರಿಹರದಲ್ಲಿದ್ದೆವು. ಅಪ್ಪ ದಿನಾ ರೈಲು ಹತ್ತಿ ದಾವಣಗೆರೆಯ ಒಂದು ಗಿರಣಿಗೆ ಹೋಗಿ ಮಗ್ಗ ನಡೆಸುತ್ತಿದ್ದ. ನಲವತ್ತು ತುಂಬುವ ಮೊದಲೇ ಮನುಷ್ಯ ಸೋತುಹೋದ. ಮನೆಗೆ ಬಂದರೆ ಕೈಕಾಲು ತೊಳೆಯಲೂ ತ್ರಾಣವಿಲ್ಲದೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಬೆರಳಿನ ಗೆಣ್ಣುಗಳು ನೋಯುತ್ತಿದ್ದವು. ಕಡಿದ ನೂಲಿಗೆ ಗಂಟು ಹಾಕಲು ಬೆರಳು ಬಗ್ಗದಿದ್ದರೆ ಮಗ್ಗ ಎಷ್ಟು ದಿನ ಉಳಿದೀತು? ಅಲ್ಲಿನ ಮೇಸ್ತ್ರಿ ಎಲ್ಲರೆದುರು, “ಕೆಲಸಕ್ಕೆ ಕರೀಬ್ಯಾಡ, ಊಟಕ್ಕೆ ಮರೀಬ್ಯಾಡ” ಎಂದು ಅಪ್ಪನನ್ನು ಹಂಗಿಸುತ್ತಿದ್ದನಂತೆ.

ಅಪ್ಪನ ತಾಯಿ ಕೊಕ್ಕನೂರಿನಿಂದ ಬಂದು ಮನೆಯಲ್ಲೇ ಉಳಿದಳು. ನೇಗಿಲ ಗುಳವನ್ನು ಒಲೆಯಲ್ಲಿ ಕೆಂಪಗೆ ಕಾಸಿ, ಹುಳಿ ಮಜ್ಜಿಗೆಯಲ್ಲಿ ಚುಂಯ್ ಎನ್ನುವಂತೆ ಅದ್ದಿ, “ಕುಡಿಯಪ್ಪಾ, ಕಬ್ಬಿಣದ ಸತ್ವ ಮೈಗೆ ಇಳೀಲಿ” ಎಂದು ಕೊಡುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಅಜ್ಜಿಯನ್ನು ನಾನು ಬೈಯುವುದಿಲ್ಲ. ತನ್ನೂರಿನಲ್ಲಿ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು.

ನನ್ನ ಸಿಟ್ಟೆಲ್ಲ ದಾವಣಗೆರೆಯ ಪಿ.ಜೆ. ಬಡಾವಣೆಯ ಒಬ್ಬ ಡಾಕ್ಟರ ಮೇಲೆ. ಅಪ್ಪನ ಮುಖವನ್ನೂ ಸರಿಯಾಗಿ ನೋಡದೆ “ರಕ್ತ ಇಲ್ರಿ ನಿಮಗೆ” ಎಂದು ಕಬ್ಬಿಣದ ಟಾನಿಕ್ ಬರೆದರು. ಮುಂದಿನ ಸಲವೂ ಅದೇ ಟಾನಿಕ್, ಆಮೇಲೆ ಕಬ್ಬಿಣದ್ದೇ ಇಂಜೆಕ್ಷನ್. ಹಾಡಿದ್ದೇ ಹಾಡೋ ಕಿಸಬಾಯಿ ದಾಸ! ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದರೂ ಸಾಕಿತ್ತು, ಒಳಗೆ ಕೆಂಪಗೇ ಇತ್ತು. ಅಷ್ಟು ಮಾಡಲು ಆ ಪುಣ್ಯಾತ್ಮರಿಗೆ ಏನು ದಾಡಿಯಾಗಿತ್ತು? ಅಪ್ಪನ ಮೈಬಣ್ಣ ಸೀಸದ ಹಾಗೆ ಕಪ್ಪಾಗುತ್ತ ಬಂದಾಗ “ಬಿಸಿಲಿನ ಊರಲ್ರಿ” ಎಂದು ನಕ್ಕರು.

ಅಪ್ಪ ಮಗ್ಗದ ಪಕ್ಕದಲ್ಲೇ ಒಮ್ಮೆ ಕುಸಿದು ಬಿದ್ದ. ಮೇಸ್ತ್ರಿ ಆ ಮಗ್ಗವನ್ನು ಬೇರೆಯವನಿಗೆ ಕೊಟ್ಟು, “ಮೈ ನೆಟ್ಟಗಾದ ಮ್ಯಾಲೆ ಬಾ, ನೋಡಾಣ” ಎಂದು ಕಳಿಸಿದ. ಆ ಒಂದು ಮಾತನ್ನೇ ನಂಬಿ ಅವ್ವ ಅಪ್ಪನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಜತೆಗೆ ನಾನೂ ಇದ್ದೆ. ಅಲ್ಲಿನ ಡಾಕ್ಟರು ಅಂಗಿ ಬಿಚ್ಚಿಸಿ ಬೆನ್ನು ನೋಡಿದರು.

“ಎಲ್ಲಿ ಕೆಲಸ ಮಾಡ್ತೀರಿ?”

“ಗಿರಣಿ ಒಳಗ್ರಿ.”

“ಹಂಗಿದ್ರೆ ಅಂಗಿ ಒಳಗೂ ಈ ಕಪ್ಪು ಎಲ್ಲಿಂದ ಬಂತು?”

ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ರಕ್ತ ಪರೀಕ್ಷೆ ಮಾಡಿಸಿದರು, ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ನೋಡಿದರು. ಅಪ್ಪನ ಮೈಯಲ್ಲಿ ಕಬ್ಬಿಣ ಕಡಿಮೆಯಾಗಿರಲಿಲ್ಲ, ಮಿತಿಮೀರಿತ್ತು. ತಿಂದದ್ದರಲ್ಲಿನ ಕಬ್ಬಿಣವನ್ನೆಲ್ಲ ಮೈ ಹಿಡಿದಿಟ್ಟುಕೊಳ್ಳುವ ಹುಟ್ಟುರೋಗವಂತೆ. ಹೊರಗೆ ಹೋಗಲು ದಾರಿಯಿಲ್ಲದೆ ಲಿವರಿನಲ್ಲಿ, ಕೀಲುಗಳಲ್ಲಿ ಕೂತು ಮನುಷ್ಯನನ್ನು ಹಿಂಡುತ್ತಿತ್ತು. ಟಾನಿಕ್, ಇಂಜೆಕ್ಷನ್, ಗುಳದ ಮಜ್ಜಿಗೆ ಎಲ್ಲ ಬಂದ್. ವಾರಕ್ಕೊಂದು ಬಾಟಲಿ ರಕ್ತ ತೆಗೆಸಬೇಕು, ಅದರ ಜತೆ ಕಬ್ಬಿಣವೂ ಹೊರಗೆ ಹೋಗುತ್ತದೆ, ಅದೇ ಔಷಧ ಎಂದರು.

“ನಿಲ್ಲಾಕೆ ಆಗದವನ ನೆತ್ತರ ತೆಗೀತಾರಾ?” ಎಂದು ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. ಅಪ್ಪ ಅವಳನ್ನು ಮೆಲ್ಲಗೆ ದಾಟಿ ಹೋದ. ಹುಬ್ಬಳ್ಳಿಯಿಂದ ಹೇಳಿ ಕಳಿಸಿದ ಮೇಲೆ ಹರಿಹರದಲ್ಲೇ ಒಬ್ಬ ಡಾಕ್ಟರು ರಕ್ತ ತೆಗೆಯಲು ಒಪ್ಪಿದರು. ತಿಂಗಳುಗಳು ಕಳೆದಂತೆ ಅಪ್ಪನ ನಡಿಗೆಗೆ ಕಸುವು ಬಂತು. ಗೆಣ್ಣುನೋವು ಪೂರ್ತಿ ಹೋಗಲಿಲ್ಲ, ಆದರೂ ನೂಲಿಗೆ ಗಂಟು ಹಾಕುವಷ್ಟು ಬೆರಳು ಬಗ್ಗಿದವು. ಹೊಳೆಯಿಂದ ಎರಡು ಕೊಡ ನೀರು ಹೊತ್ತು ತಂದ ದಿನ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಒಗೆದ ಅಂಗಿ ತೊಟ್ಟು ಅಪ್ಪ ಗಿರಣಿಗೆ ಹೊರಟ. ಬುತ್ತಿ ಹಿಡಿದು ನಾನೂ ಹೋದೆ. ಮೇಸ್ತ್ರಿ ಗೇಟಿನಲ್ಲೇ ನಿಂತಿದ್ದ. ಮೇಲಿಂದ ಕೆಳಗಿನವರೆಗೆ ನೋಡಿ, “ವಾರಾ ವಾರಾ ರಕ್ತ ತೆಗಸ್ತೀಯಂತಲ್ಲ. ಅಂಥಾ ರೋಗಿಷ್ಟಗ ಮಗ್ಗ ಹೆಂಗೆ ಕೊಡಾದು?” ಎಂದ.

ಅಪ್ಪ ಯಾರಿಗೂ ಎದುರಾಡಿದವನಲ್ಲ. ಅವತ್ತು ಆಡಿದ.

“ಸಾಯೋಹಂಗಿದ್ದಾಗ ಮೈಗಳ್ಳ ಅಂದ್ರಿ. ಗುಣ ಆಗಿ ಬಂದ್ರೆ ರೋಗಿಷ್ಟ ಅಂತೀರಿ. ನಾನು ಮನುಷ್ಯ ಅನ್ನಿಸ್ಕಳಾದು ಯಾವಾಗ್ರಿ?”

ಮೇಸ್ತ್ರಿ ಕೆಲಸಕ್ಕೆಂದು ಸರದಿಯಲ್ಲಿ ಅಪ್ಪನ ಹಿಂದೆ ನಿಂತಿದ್ದವನನ್ನು ಕರೆದು ಒಳಗೆ ಬಿಟ್ಟ.